ನಿಲ್ಲಿಸಿದವರೇ ತೋರಿಸಬೇಕು

ಸಾಹಿತ್ಯದ ಬಳಗವೊಂದು ಕಂಪೈಲರ್‌ಗಳ ಮೇಲೆ ತಕರಾರು ಹೂಡುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ನಮ್ಮಲ್ಲಿ ಹಲವರು ಬೆಳಗಾದರೆ ಡೊಂಬಿವಲಿ, ಕಲ್ಯಾಣಗಳಿಂದ ಲೋಕಲ್ ಹಿಡಿದು, ಠಾಣೆಯಲ್ಲಿ ಗಾಡಿ ಬದಲಿಸಿ, ಐರೋಲಿ, ಘನ್ಸೋಲಿಗಳ ಕಚೇರಿಗಳಿಗೆ ಹೋಗುವವರು. ಸಂಜೆ ಕನ್ನಡದ ಪುಸ್ತಕ ಹಿಡಿಯುವ ಕೈಯೇ ಹಗಲಿನಲ್ಲಿ ಪ್ರೋಗ್ರಾಂ ಬರೆಯುತ್ತದೆ. ಭಾಷೆಯೊಂದು ಏನನ್ನು ಹೇಳಬಲ್ಲದು, ಏನನ್ನು ಬಚ್ಚಿಡುತ್ತದೆ, ಬಚ್ಚಿಟ್ಟದ್ದಕ್ಕೆ ಯಾರು ಉತ್ತರ ಕೊಡಬೇಕು ಎಂಬ ಪ್ರಶ್ನೆಗಳು ಕಾವ್ಯದ ಭಾಷೆಗೆ ಎಷ್ಟು ಸಲ್ಲುತ್ತವೆಯೋ ಯಂತ್ರದ ಭಾಷೆಗೂ ಅಷ್ಟೇ ಸಲ್ಲುತ್ತವೆ. ಈ ಎರಡನೆಯದರ ಬಗ್ಗೆ ಕನ್ನಡದಲ್ಲಿ ಜಗಳವಾಡುವವರು ಕಡಿಮೆ. ಆ ಕೊರತೆಯನ್ನು ಇಂದು ಸ್ವಲ್ಪವಾದರೂ ತುಂಬುವ ಉದ್ದೇಶ ನಮ್ಮದು.

ನಮ್ಮ ವಾದವನ್ನು ಮೊದಲೇ ಹೇಳಿಬಿಡುತ್ತೇವೆ. ಕೆಲಸವೊಂದನ್ನು ಅರ್ಧಕ್ಕೆ ನಿಲ್ಲಿಸಿ, ಬೇಕೆನಿಸಿದಾಗ ಅದೇ ಜಾಗದಿಂದ ಮುಂದುವರಿಸುವ ಸೌಕರ್ಯವನ್ನು ಒಂದು ಪ್ರೋಗ್ರಾಮಿಂಗ್ ಭಾಷೆ ಕೊಡುವುದಾದರೆ, ಹಾಗೆ ನಿಂತ ಕೆಲಸದ ಒಳಗೆ ಏನಿದೆ ಎಂಬುದನ್ನು ನೋಡುವ ದಾರಿಯನ್ನೂ ಆ ಭಾಷೆಯ ಕಂಪೈಲರೇ ಕೊಡಬೇಕು. ಮೊದಲನೆಯದನ್ನು ಕೊಟ್ಟು ಎರಡನೆಯದನ್ನು ಮುಂದೆಂದೋ ನೋಡೋಣವೆಂದು ಬಿಡುವುದು ಅರ್ಧ ಕಟ್ಟಿದ ಮನೆಗೆ ಗೃಹಪ್ರವೇಶ ಮಾಡಿದಂತೆ. ಕಳೆದ ಹತ್ತು-ಹದಿನೈದು ವರ್ಷಗಳಲ್ಲಿ ಹಲವು ಭಾಷೆಗಳು ಇಂಥ ಗೃಹಪ್ರವೇಶವನ್ನೇ ಮಾಡಿಕೊಂಡಿವೆ. ಒಳಗೆ ಕತ್ತಲಿದೆ ಎಂದವರಿಗೆ, ಕತ್ತಲೆಯೇ ವೇಗದ ಬೆಲೆ ಎಂದು ಪಾಠ ಹೇಳಲಾಗುತ್ತಿದೆ. ಆ ಪಾಠವನ್ನು ನಾವು ಒಪ್ಪುವುದಿಲ್ಲ.

ಹಾಗೆ ನಿಂತು, ಮತ್ತೆ ನಡೆಯುವ ಕೆಲಸಕ್ಕೆ ಕೊರೂಟೀನ್ ಎಂದು ಹೆಸರು. ಕರಾವಳಿಯಿಂದ ಬಂದ ನಮ್ಮ ಓದುಗರಿಗೆ ಇದನ್ನು ವಿವರಿಸಲು ತಾಳಮದ್ದಳೆಗಿಂತ ಒಳ್ಳೆಯ ನಿದರ್ಶನ ಬೇಡ. ಭಾಗವತರು ಪ್ರಸಂಗದ ಒಂದು ಪದ್ಯ ಹಾಡಿ ನಿಲ್ಲುತ್ತಾರೆ. ಅರ್ಥಧಾರಿ ಮಾತು ಎತ್ತಿಕೊಳ್ಳುತ್ತಾರೆ. ಅವರ ವಾದ ಒಂದು ನೆಲೆಗೆ ಬಂದಾಗ ಭಾಗವತರು ಬಿಟ್ಟಲ್ಲಿಂದ ಮುಂದಿನ ಪದ್ಯಕ್ಕೆ ಹೋಗುತ್ತಾರೆ. ಯಾರೂ ಮೊದಲಿನಿಂದ ಶುರುಮಾಡುವುದಿಲ್ಲ. ಯಾವ ಪದ್ಯ ಆಯಿತು, ಯಾವ ಪ್ರಶ್ನೆಗೆ ಇನ್ನೂ ಉತ್ತರ ಬಾಕಿ, ಎದುರಾಳಿ ಯಾವ ಮಾತಿಗೆ ಸಿಕ್ಕಿಬಿದ್ದಿದ್ದಾನೆ ಎಂಬುದೆಲ್ಲ ಅವರವರ ಮನಸ್ಸಿನಲ್ಲಿ ಹಾಗೆಯೇ ಉಳಿದಿರುತ್ತದೆ. ಸಾಮಾನ್ಯವಾದ ಫಂಕ್ಷನ್ ಹೀಗಲ್ಲ. ಅದನ್ನು ಕರೆದಾಗಲೆಲ್ಲ ಮೊದಲಿನಿಂದ ಆರಂಭಿಸಿ, ಮುಗಿಸಿ, ಎಲ್ಲವನ್ನೂ ಮರೆತು ಹಿಂದಿರುಗುತ್ತದೆ. ಕೊರೂಟೀನಿನ ಜೀವಾಳ ಇರುವುದು ಈ ಮರೆಯದೆ ನಿಲ್ಲುವ ಗುಣದಲ್ಲಿ.

ಈ ಹೆಸರನ್ನು 1958ರಲ್ಲಿ ಮೆಲ್ವಿನ್ ಕಾನ್‌ವೇ ಟಂಕಿಸಿದರು. 1963ರಲ್ಲಿ ಅವರು ಪ್ರಕಟಿಸಿದ ಪ್ರಬಂಧದ ವಿಷಯ ಕೋಬಾಲ್ ಭಾಷೆಯ ಕಂಪೈಲರ್ ಒಂದರ ವಿನ್ಯಾಸ. ಕಂಪೈಲರಿನ ಒಂದು ಭಾಗ ಪದಗಳನ್ನು ಬಿಡಿಸಿ ಕೊಡುವುದು, ಇನ್ನೊಂದು ಭಾಗ ಅವುಗಳ ವಾಕ್ಯರಚನೆ ನೋಡುವುದು, ಎರಡೂ ಸರದಿಯಂತೆ ನಿಂತು ನಡೆಯುವುದು. ಎಂದರೆ ಕೊರೂಟೀನ್ ಎಂಬ ಕಲ್ಪನೆ ಲೋಕಕ್ಕೆ ಪರಿಚಯವಾದದ್ದೇ ಕಂಪೈಲರಿನ ಮನೆಯಲ್ಲಿ. ತನ್ನ ಮನೆಯಲ್ಲಿ ಬೆಳೆದ ಕೂಸಿನ ಹೊಟ್ಟೆಯಲ್ಲಿ ಏನಿದೆ ಎಂದು ಕೇಳಿದರೆ ಇಂದಿನ ಕಂಪೈಲರ್ ಕೈಚೆಲ್ಲುವುದು ನಮಗೆ ಬೇಸರದ ಸಂಗತಿ. ಸಿ ಶಾರ್ಪ್ ಭಾಷೆಗೆ 2012ರಲ್ಲಿ, ಪೈಥಾನಿಗೆ 2015ರಲ್ಲಿ, ಕಾಟ್ಲಿನ್ ಭಾಷೆಯಲ್ಲಿ 2018ರಲ್ಲಿ, ರಸ್ಟ್ ಭಾಷೆಗೆ 2019ರಲ್ಲಿ, ಸಿ ಪ್ಲಸ್ ಪ್ಲಸ್ ಭಾಷೆಗೆ 2020ರ ಮಾನಕದಲ್ಲಿ, ಸ್ವಿಫ್ಟ್ ಭಾಷೆಗೆ 2021ರಲ್ಲಿ ಈ ಸೌಕರ್ಯ ಒಂದಲ್ಲ ಒಂದು ರೂಪದಲ್ಲಿ ಸ್ಥಿರವಾಗಿ ಸೇರಿತು. ಫೋನಿನ ಆ್ಯಪ್‌ಗಳಿಂದ ಹಿಡಿದು ಬ್ಯಾಂಕಿನ ಸರ್ವರ್‌ಗಳವರೆಗೆ ಈಗ ಕಾಯುವ ಕೆಲಸವೆಲ್ಲ ಬಹುಮಟ್ಟಿಗೆ ಇದೇ ಬಗೆಯಲ್ಲಿ ನಡೆಯುತ್ತದೆ. ಆದ್ದರಿಂದ ಇದನ್ನು ಯಾರೋ ನಾಲ್ಕು ಪಂಡಿತರ ಹವ್ಯಾಸವೆಂದು ತಳ್ಳಿಹಾಕುವಂತಿಲ್ಲ.

ಕತ್ತಲೆ ಎಲ್ಲಿಂದ ಬರುತ್ತದೆ ಎಂಬುದನ್ನು ಈಗ ನೋಡೋಣ. ಗಣಿತದ ಪಾಠದಲ್ಲಿ ಚರಾಕ್ಷರವೆಂದು ಕಲಿತದ್ದನ್ನೇ ಕಚೇರಿಯಲ್ಲಿ ನಾವು ವೇರಿಯಬಲ್ ಎನ್ನುತ್ತೇವೆ: ಹೆಸರುಳ್ಳ ಒಂದು ಪಾತ್ರೆ, ಅದರೊಳಗೊಂದು ಮೌಲ್ಯ. ಸಾಮಾನ್ಯ ಫಂಕ್ಷನ್‌ನ ಚರಾಕ್ಷರಗಳು ಸ್ಟ್ಯಾಕ್ ಎಂಬ ಜಾಗದಲ್ಲೋ ಪ್ರೊಸೆಸರಿನ ರಿಜಿಸ್ಟರ್‌ಗಳಲ್ಲೋ ವಾಸಿಸುತ್ತವೆ. ಫಂಕ್ಷನ್ ಮುಗಿದೊಡನೆ ಆ ಜಾಗ ತೆರವಾಗುತ್ತದೆ. ಕೊರೂಟೀನ್ ನಿಂತಾಗಲೂ ಸ್ಟ್ಯಾಕನ್ನು ಇತರರಿಗೆ ಬಿಟ್ಟುಕೊಡಬೇಕು. ಅದಕ್ಕಾಗಿ ಕಂಪೈಲರ್ ಮೊದಲೇ ಲೆಕ್ಕಹಾಕುತ್ತದೆ: ನಿಂತು ಎದ್ದ ಮೇಲೂ ಯಾವ ಚರಾಕ್ಷರಗಳು ಬೇಕಾಗುತ್ತವೆ? ಬೇಕಾದವನ್ನು ಫ್ರೇಮ್ ಎಂಬ ಬೇರೊಂದು ಕಟ್ಟಿಗೆ, ಸಾಮಾನ್ಯವಾಗಿ ಹೀಪ್ ಎಂಬ ಸ್ಮೃತಿಭಾಗಕ್ಕೆ, ಸಾಗಿಸುತ್ತದೆ. ಬೇಡವಾದವನ್ನು ಕೈಬಿಡುತ್ತದೆ. ಎಲ್‌ಎಲ್‌ವಿಎಂ ವ್ಯವಸ್ಥೆಯಲ್ಲಿ ನಾವು ಬರೆದ ಒಂದು ಫಂಕ್ಷನ್ ಈ ಹಂತದಲ್ಲಿ ಹಲವು ತುಂಡುಗಳಾಗುತ್ತದೆ: ಆರಂಭಿಸುವ ತುಂಡು, ಮುಂದುವರಿಸುವ ತುಂಡು, ನಾಶಮಾಡುವ ತುಂಡು. ಬರೆದವನ ಕಣ್ಣಿಗೆ ಒಂದೇ ಆಗಿದ್ದುದು ಯಂತ್ರದ ಮಟ್ಟದಲ್ಲಿ ಒಡೆದ ಸಂಸಾರವಾಗಿದೆ.

ಊರು ಬಿಟ್ಟು ಬಂದ ನಮಗೆ ಈ ಸ್ಥಿತಿ ಅಪರಿಚಿತವೇನಲ್ಲ. ಹಳೆಯ ವಿಳಾಸಕ್ಕೆ ಬಂದ ಕಾಗದ ‘ಇಲ್ಲಿಲ್ಲ’ ಎಂಬ ಷರಾದೊಂದಿಗೆ ಹಿಂದಿರುಗುತ್ತದೆ. ಮನುಷ್ಯ ಬದುಕಿದ್ದಾನೆ, ಡೊಂಬಿವಲಿಯಲ್ಲಿ ಬಾಡಿಗೆ ಮನೆ ಮಾಡಿದ್ದಾನೆ. ಹೊಸ ವಿಳಾಸ ಬರೆದುಕೊಳ್ಳುವವರು ಇರಲಿಲ್ಲ, ಅಷ್ಟೆ. ಪ್ರೋಗ್ರಾಮನ್ನು ತಡೆದು ನಿಲ್ಲಿಸಿ ಒಳಗೆ ಇಣುಕುವ ಸಾಧನ ಡಿಬಗ್ಗರ್. ಅದು ಚರಾಕ್ಷರವನ್ನು ಕೇಳಿದಾಗ ಆಗುವುದೂ ಇದೇ. ಮೌಲ್ಯ ಹೀಪಿನಲ್ಲಿ ಸುರಕ್ಷಿತವಾಗಿದೆ. ಅದನ್ನು ಅಲ್ಲಿಗೆ ಸಾಗಿಸಿದ್ದು ಕಂಪೈಲರ್. ಎಷ್ಟನೆಯ ಬೈಟಿನಲ್ಲಿ ಇಟ್ಟಿದೆ ಎಂಬುದು ಅದಕ್ಕೆ ಮಾತ್ರ ಗೊತ್ತು. ಆ ಗುರುತನ್ನು ಅದು ಬರೆದಿಡದಿದ್ದರೆ ಡಿಬಗ್ಗರ್ ‘ಆಪ್ಟಿಮೈಸ್ಡ್ ಔಟ್’ ಎಂಬ ಎರಡು ಪದಗಳನ್ನು ಹೇಳಿ ಸುಮ್ಮನಾಗುತ್ತದೆ. ಬದುಕಿರುವವನಿಗೂ ಸತ್ತವನಿಗೂ ಒಂದೇ ಷರಾ.

ಇಲ್ಲಿ ಮೂರು ಸ್ಥಿತಿಗಳನ್ನು ಬೇರ್ಪಡಿಸಿ ನೋಡುವುದು ಅಗತ್ಯ. ಒಂದು, ಚರಾಕ್ಷರದ ಉಪಯೋಗ ಮುಗಿದಿದೆ, ಕಂಪೈಲರ್ ಅದನ್ನು ನ್ಯಾಯವಾಗಿಯೇ ಬಿಟ್ಟುಕೊಟ್ಟಿದೆ. ಎರಡು, ಅದು ಜೀವಂತವಾಗಿದೆ, ಆದರೆ ಎಲ್ಲಿದೆ ಎಂಬ ಗುರುತು ಕಳೆದಿದೆ. ಮೂರು, ಡಿಬಗ್ಗರ್ ಒಂದು ಮೌಲ್ಯವನ್ನು ತೋರಿಸುತ್ತದೆ, ಆದರೆ ಅದು ಆ ಸಾಲಿನಲ್ಲಿ ಇರಬೇಕಾದ ಮೌಲ್ಯವಲ್ಲ. ಆಪ್ಟಿಮೈಸೇಶನ್ ಲೆಕ್ಕವನ್ನು ಹಿಂದೆ ಮುಂದೆ ಸರಿಸಿರುವುದರಿಂದ ಹಳತೋ ಮುಂಚಿತವೋ ಆದದ್ದು ಕಾಣುತ್ತಿದೆ. ಮೊದಲನೆಯದು ಮೌನ, ಎರಡನೆಯದು ಮರೆವು, ಮೂರನೆಯದು ಸುಳ್ಳುಸಾಕ್ಷಿ. ಈ ಮೂರನೆಯ ಅಪಾಯವನ್ನು ಜಾನ್ ಹೆನೆಸಿ 1982ರಷ್ಟು ಹಿಂದೆಯೇ ಗುರುತಿಸಿ, ಅಂಥ ಚರಾಕ್ಷರಗಳಿಗೆ ‘ಪ್ರಸ್ತುತವಲ್ಲದವು’, ‘ಅಪಾಯಕ್ಕೆ ಸಿಕ್ಕವು’ ಎಂಬರ್ಥದ ಹೆಸರುಗಳನ್ನು ಕೊಟ್ಟಿದ್ದರು. ನಾಲ್ಕು ದಶಕಗಳ ಹಿಂದೆ ರೋಗಕ್ಕೆ ಹೆಸರಿಟ್ಟಾಗಿದೆ. ರೋಗವೇ ಇಲ್ಲವೆಂಬಂತೆ ನಡೆದುಕೊಳ್ಳಲು ಇಂದು ಯಾರಿಗೂ ಹಕ್ಕಿಲ್ಲ.

ಇನ್ನೂ ಹತ್ತಿರದ ಸಾಕ್ಷಿ ಬೇಕಾದರೆ ಠಾಣೆಯಿಂದ ಪೊವಾಯಿಯ ಕಡೆಗೆ ತಿರುಗಿದರೆ ಸಾಕು. ಅಲ್ಲಿನ ಐಐಟಿಯ ಡಿ. ಎಂ. ಧಾಮಧೇರೆಯವರ ಸಿಸ್ಟಮ್ಸ್ ಪ್ರೋಗ್ರಾಮಿಂಗ್ ಪಠ್ಯಪುಸ್ತಕವನ್ನು ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿದ ಹಲವರು ಬಲ್ಲರು. ಅವರು ಕೆ. ವಿ. ಶಂಕರನಾರಾಯಣನ್ ಅವರೊಡನೆ 1998ರಲ್ಲಿ ಪ್ರಕಟಿಸಿದ ಪ್ರಬಂಧ ಇದೇ ಪ್ರಶ್ನೆಯನ್ನು ಎತ್ತಿಕೊಂಡಿತು: ಆಪ್ಟಿಮೈಸ್ ಆದ ಪ್ರೋಗ್ರಾಂ ಒಂದು ಬ್ರೇಕ್‌ಪಾಯಿಂಟಿನಲ್ಲಿ ನಿಂತಾಗ, ಕಾಣುತ್ತಿರುವ ಮೌಲ್ಯ ಮೂಲದ ಪ್ರಕಾರ ಇರಬೇಕಾದ ಮೌಲ್ಯವೇ ಹೌದೋ ಅಲ್ಲವೋ? ಪ್ರೋಗ್ರಾಂ ನಿಜವಾಗಿ ನಡೆದುಬಂದ ದಾರಿಯನ್ನು ಚಿಕ್ಕದೊಂದು ನಕ್ಷೆಯಾಗಿ ಉಳಿಸಿಕೊಂಡರೆ ಇದನ್ನು ಕಡಿಮೆ ವೆಚ್ಚದಲ್ಲಿ ತೀರ್ಮಾನಿಸಬಹುದು, ಹಾದಿ ತಪ್ಪಿದ ಮೌಲ್ಯವನ್ನು ಮರಳಿ ಪಡೆಯಲೂ ಅದು ನೆರವಾಗುತ್ತದೆ ಎಂದು ಅವರು ತೋರಿಸಿದರು. ಯಾವ ಚರಾಕ್ಷರ ಎಲ್ಲಿಯವರೆಗೆ ಜೀವಂತ ಎಂಬ ವಿಶ್ಲೇಷಣೆಯ ಶಾಸ್ತ್ರವನ್ನು ಅದೇ ಸಂಸ್ಥೆಯ ಉದಯ್ ಖೆಡ್ಕರ್, ಅಮಿತಾಭ ಸನ್ಯಾಲ್ ಮತ್ತು ಬಾಗೇಶ್ರೀ ಕರ್ಕರೆ 2009ರಲ್ಲಿ ಒಂದು ಗ್ರಂಥವಾಗಿಯೇ ಬರೆದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವೈ. ಎನ್. ಶ್ರೀಕಾಂತ್ ಮತ್ತು ಪ್ರೀತಿ ಶಂಕರ್ ಸಂಪಾದಿಸಿದ ಕಂಪೈಲರ್ ವಿನ್ಯಾಸದ ಕೈಪಿಡಿ ಅದಕ್ಕೂ ಮೊದಲು, 2002ರಲ್ಲಿ ಬಂತು. ಆದ್ದರಿಂದ ವಿದ್ಯೆ ಸಾಲದು ಎಂಬ ನೆಪವನ್ನು ಯಾರೂ ನಮ್ಮ ಮುಂದೆ ಇಡದಿರಲಿ. ವಿದ್ಯೆ ಇದೆ, ಅದನ್ನು ಬಳಸಲೇಬೇಕೆಂಬ ಕಟ್ಟುಪಾಡು ಇಲ್ಲ.

ಈ ವಾದ ನಮಗೆ ಭಿವಂಡಿಯ ಹಾದಿಯಲ್ಲಿ ಹೆಚ್ಚು ಹೆಚ್ಚು ನೆನಪಾಗುತ್ತದೆ. ಆ ಊರನ್ನು ನಾಡು ಬಲ್ಲುದು ವಿದ್ಯುತ್ ಮಗ್ಗಗಳಿಂದ. ಲಾಳಿ ಓಡುವ ಮಗ್ಗದಲ್ಲಿ ನಡುವೆ ಕರೆಂಟು ಹೋದರೆ ನೇಯ್ಗೆ ನಿಲ್ಲುತ್ತದೆ, ಆದರೆ ಏನೂ ಮರೆಯಾಗುವುದಿಲ್ಲ. ಹಾಸು ಬಿಗಿದಿದೆ, ಹೊಕ್ಕು ಎಲ್ಲಿಯವರೆಗೆ ಬಂದಿದೆ ಎಂಬುದು ಕಣ್ಣಿಗೆ ಕಾಣುತ್ತದೆ, ಲಾಳಿ ಯಾವ ಬದಿಯಲ್ಲಿ ನಿಂತಿದೆ ಎಂದು ಕೈಯಿಟ್ಟು ಹೇಳಬಹುದು, ಎಳೆ ಹರಿದಿದ್ದರೆ ನೇಕಾರ ಅದನ್ನು ಹುಡುಕಿ ಗಂಟು ಹಾಕುತ್ತಾನೆ. ನಿಂತ ಮಗ್ಗವೇ ತನ್ನ ಸ್ಥಿತಿಗೆ ಸಾಕ್ಷಿ. ನೇಕಾರನಿಗೆ ಇಷ್ಟು ಕೊಡದ ಮಗ್ಗವನ್ನು ಯಾವ ಕಾರಖಾನೆಯವನೂ ಕೊಳ್ಳುವುದಿಲ್ಲ. ಮಗ್ಗಕ್ಕಿಂತ ಎಷ್ಟೋ ಪಾಲು ಜಟಿಲವಾದ ಯಂತ್ರವನ್ನು ನಾವು ಇಷ್ಟೂ ಕೇಳದೆ ಕೊಂಡಿದ್ದೇವೆ.

ಅದೇ ಭಿವಂಡಿಯ ಸುತ್ತ, ಮಾನಕೋಲಿ, ದಾಪೋಡೆ, ಪೂರ್ಣಾ, ಕಾಲ್ಹೇರ್ ಊರುಗಳಲ್ಲಿ, ಈಗ ಮಗ್ಗಗಳಿಗಿಂತ ಗೋದಾಮುಗಳ ಮಾತೇ ಜಾಸ್ತಿ. ಮುಂಬಯಿ ಮಹಾನಗರಕ್ಕೆ ಹೋಗುವ ಸರಕು ಇಳಿದು, ವಿಂಗಡಗೊಂಡು, ಮತ್ತೆ ಹೊರಡುವ ಜಾಗಗಳು ಇವು. ಅಲ್ಲಿ ದುಡಿಯುವವನ ಕೈಯಲ್ಲಿ ಬಾರ್‌ಕೋಡ್ ಓದುವ ಸಾಧನವಿರುತ್ತದೆ, ಅದರೊಳಗೆ ಸಾಮಾನ್ಯವಾಗಿ ಆಂಡ್ರಾಯ್ಡ್. ಆಂಡ್ರಾಯ್ಡ್ ಆ್ಯಪ್‌ಗಳಿಗೆ ಕಾಟ್ಲಿನ್ ಭಾಷೆಯೇ ಮೊದಲ ಆಯ್ಕೆ ಎಂದು ಗೂಗಲ್ 2019ರಲ್ಲಿ ಸಾರಿತು. ಕಾಟ್ಲಿನ್‌ನಲ್ಲಿ ಕಾಯುವುದೆಂದರೆ ಕೊರೂಟೀನ್. ಉದಾಹರಣೆಗಾಗಿ ಒಂದು ಚಿಕ್ಕ ಫಂಕ್ಷನ್ನನ್ನು ಊಹಿಸಿಕೊಳ್ಳಿ. ಅದರಲ್ಲಿ ಮೂರು ಚರಾಕ್ಷರಗಳಿವೆ: ಪೆಟ್ಟಿಗೆಯ ಸಂಖ್ಯೆ, ರ್ಯಾಕಿನ ಸಂಖ್ಯೆ, ಎಷ್ಟನೆಯ ಪ್ರಯತ್ನ ಎಂಬ ಎಣಿಕೆ. ಪೆಟ್ಟಿಗೆ ಮತ್ತು ರ್ಯಾಕಿನ ಸಂಖ್ಯೆಗಳನ್ನು ಸರ್ವರಿಗೆ ಕಳಿಸಿ, ಉತ್ತರಕ್ಕಾಗಿ ಕಾಯಬೇಕು. ತಗಡಿನ ಚಾವಣಿಯ ಕೆಳಗೆ ನೆಟ್‌ವರ್ಕ್ ಕ್ಷೀಣ. ಕೊರೂಟೀನ್ ನಿಲ್ಲುತ್ತದೆ.

ನಿಲ್ಲುವಾಗ ಕಂಪೈಲರ್ ಬರೆದಿಟ್ಟ ಲೆಕ್ಕ ಹೀಗಿರುತ್ತದೆ. ಉತ್ತರ ಬಂದ ಮೇಲೆ ಪೆಟ್ಟಿಗೆಯ ಸಂಖ್ಯೆ ಬೇಕು, ಎಣಿಕೆಯೂ ಬೇಕು; ಇವೆರಡೂ ‘ಎಲ್ ಡಾಲರ್ ಸೊನ್ನೆ’, ‘ಐ ಡಾಲರ್ ಸೊನ್ನೆ’ ಎಂಬಂಥ ಗುಪ್ತನಾಮಗಳಲ್ಲಿ ಉಳಿಯುತ್ತವೆ. ರ್ಯಾಕಿನ ಸಂಖ್ಯೆಯನ್ನು ಕಳಿಸಿಯಾಯಿತು, ಮುಂದೆ ಅದರ ಬಳಕೆಯಿಲ್ಲ, ಅದು ಹೋಯಿತು. ಈಗ ಸರ್ವರಿನಿಂದ ಬಂದ ಉತ್ತರ: ‘ಆ ರ್ಯಾಕಿನಲ್ಲಿ ಇಂಥ ಪೆಟ್ಟಿಗೆ ಇಲ್ಲ.’ ಯಾವ ರ್ಯಾಕ್? ಇಡೀ ತಗಾದೆ ನಿಂತಿರುವುದೇ ಆ ಒಂದು ಸಂಖ್ಯೆಯ ಮೇಲೆ. ಕಚೇರಿಯ ಮೇಜಿನಲ್ಲಿ ಇದೇ ಸ್ಥಿತಿಯನ್ನು ಮರುಸೃಷ್ಟಿಸಿ ಡಿಬಗ್ಗರಿನಲ್ಲಿ ನಿಲ್ಲಿಸಿದ ಎಂಜಿನಿಯರನಿಗೆ ಆ ಹೆಸರಿನ ಮುಂದೆ ಕಾಣುವುದು ‘ವಾಸ್ ಆಪ್ಟಿಮೈಸ್ಡ್ ಔಟ್’. ಯಾವಾಗ ಹೋಯಿತು, ಯಾವ ಸಾಲಿನ ನಂತರ ಹೋಯಿತು, ಹೋಗುವಾಗ ಏನಿತ್ತು ಎಂಬುದು ಅಲ್ಲಿ ಇಲ್ಲ. ದೋಷ ಪ್ರೋಗ್ರಾಮಿನದೋ, ಸರ್ವರಿನದೋ, ಸ್ಕ್ಯಾನ್ ಮಾಡಿದವನದೋ ಎಂದು ತೀರ್ಮಾನವಾಗದೆ ದಿನ ಕಳೆಯುತ್ತದೆ. ತೀರ್ಮಾನವಾಗದ ದೋಷ ಗುರುತ್ವಾಕರ್ಷಣೆಗೆ ಒಳಪಟ್ಟಂತೆ ಕೆಳಕ್ಕೇ ಉರುಳುತ್ತದೆ. ಸರ್ವರಿಗೆ ಸಂಬಳ ಕಡಿತವಿಲ್ಲ, ಕಂಪೈಲರಿಗೆ ಮೆಮೊ ಇಲ್ಲ. ಗುತ್ತಿಗೆಯ ಮೇಲೆ ದುಡಿಯುವವನಿಗೆ ಎರಡೂ ಇವೆ. ನಾವು ಈ ವಿಷಯಕ್ಕೆ ತಲೆಕೆಡಿಸಿಕೊಳ್ಳುವುದು ಇದೇ ಕಾರಣಕ್ಕೆ. ಯಂತ್ರ ಸಾಕ್ಷಿ ಹೇಳಲು ನಿರಾಕರಿಸಿದಾಗ ಅನುಮಾನ ಯಾವಾಗಲೂ ಮನುಷ್ಯನ ಮೇಲೆ, ಅದರಲ್ಲೂ ಬಡವನ ಮೇಲೆ ಬೀಳುತ್ತದೆ.

ಇದಕ್ಕೆ ಬರುವ ಉತ್ತರಗಳನ್ನು ನಾವು ಬಲ್ಲೆವು. ಮೊದಲನೆಯದು ವೇಗದ ಮಾತು. ಚರಾಕ್ಷರಗಳನ್ನೆಲ್ಲ ಉಳಿಸಿಕೊಂಡರೆ ಸ್ಮೃತಿ ಹಿಗ್ಗುತ್ತದೆ, ಪ್ರೋಗ್ರಾಂ ನಿಧಾನವಾಗುತ್ತದೆ ಎನ್ನುತ್ತಾರೆ. ಇಲ್ಲಿ ಎರಡು ಸಂಗತಿಗಳನ್ನು ಬೇಕೆಂದೇ ಬೆರೆಸಲಾಗುತ್ತಿದೆ. ಮೌಲ್ಯವನ್ನು ಉಳಿಸುವುದಕ್ಕೆ ವೆಚ್ಚವಿದೆ, ಒಪ್ಪುತ್ತೇವೆ. ಉಳಿದ ಮೌಲ್ಯ ಎಲ್ಲಿದೆ ಎಂಬ ನಕ್ಷೆಯನ್ನು ಬರೆದಿಡುವುದಕ್ಕೆ ಓಟದ ಹೊತ್ತಿನಲ್ಲಿ ವೆಚ್ಚವಿಲ್ಲ. ಡ್ವಾರ್ಫ್ ಮಾದರಿಯ ಡಿಬಗ್ ಮಾಹಿತಿ ಕಡತದ ಬೇರೆ ವಿಭಾಗದಲ್ಲಿ ಕೂರುತ್ತದೆ. ಪ್ರೋಗ್ರಾಂ ಓಡುವಾಗ ಅದನ್ನು ಯಾರೂ ಮುಟ್ಟುವುದಿಲ್ಲ. ಬೇಕಾದರೆ ಕಿತ್ತು ಬೇರೆ ಕಡೆ ಇಡಬಹುದು. ಡಿಬಗ್ ಮಾಹಿತಿ ಕೇಳಿದ ಮಾತ್ರಕ್ಕೆ ಹುಟ್ಟುವ ಯಂತ್ರಸಂಕೇತ ಬದಲಾಗಕೂಡದು ಎಂಬುದನ್ನು ಜಿಸಿಸಿ ಮತ್ತು ಎಲ್‌ಎಲ್‌ವಿಎಂ ಎರಡೂ ತತ್ತ್ವವಾಗಿಯೇ ಒಪ್ಪಿಕೊಂಡಿವೆ. ಹಾಗಿರುವಾಗ ಜೀವಂತ ಚರಾಕ್ಷರದ ವಿಳಾಸ ಕಳೆದದ್ದಕ್ಕೆ ವೇಗವನ್ನು ಹೊಣೆಮಾಡುವುದು ಸಲ್ಲದು.

ಎರಡನೆಯ ಉತ್ತರ: ಡಿಬಗ್ ಬಿಲ್ಡ್ ಮಾಡಿಕೊಂಡು ನೋಡಿ, ಅಲ್ಲಿ ಎಲ್ಲ ಕಾಣುತ್ತದೆ. ಕೊರೂಟೀನ್‌ಗಳ ಸ್ವಭಾವ ತಿಳಿಯದವರ ಮಾತಿದು. ನಿಂತು ನಡೆಯುವ ಹತ್ತಾರು ಕೆಲಸಗಳಲ್ಲಿ ಯಾವುದು ಮೊದಲು ಎದ್ದಿತು, ಯಾವುದು ಆಮೇಲೆ ಎದ್ದಿತು ಎಂಬುದರಲ್ಲಿಯೇ ದೋಷ ಅಡಗಿರುತ್ತದೆ. ಬಿಲ್ಡ್ ಬದಲಾದರೆ ಕಾಲದ ಅಳತೆ ಬದಲಾಗುತ್ತದೆ; ಕಾಲ ಬದಲಾದರೆ ಎದ್ದೇಳುವ ಸರದಿ ಬದಲಾಗುತ್ತದೆ; ಸರದಿ ಬದಲಾದರೆ ದೋಷ ಮಾಯವಾಗುತ್ತದೆ. ತಾಳಮದ್ದಳೆಯ ನಡುವೆ ಅರ್ಥಧಾರಿಗೆ ಒದಗಿದ ಎಡವಟ್ಟನ್ನು ಮರುದಿನ ಮನೆಯಲ್ಲಿ ಒಬ್ಬರೇ ಕೂತು ಓದಿ ಹುಡುಕಲು ಸಾಧ್ಯವೇ? ನಿಜವಾದ ಜಗತ್ತಿನಲ್ಲಿ ಕುಸಿದುಬಿದ್ದ ಪ್ರೋಗ್ರಾಮಿನ ಸ್ಮೃತಿಯ ಪ್ರತಿ ಕೈಗೆ ಬಂದರೆ, ಅದು ಬಿಡುಗಡೆಯಾದ ಬಿಲ್ಡಿನದೇ ಆಗಿರುತ್ತದೆ. ಅದನ್ನು ಓದಲು ಆಗದಿದ್ದರೆ ಮತ್ತೊಂದನ್ನು ಓದಿ ಪ್ರಯೋಜನವೇನು?

ಮೂರನೆಯದು: ಡಿಬಗ್ಗರಿನ ಹಂಗೇಕೆ, ಲಾಗ್ ಬರೆಯಿರಿ. ಲಾಗ್ ಒಳ್ಳೆಯದೇ. ಆದರೆ ಲಾಗ್ ಉತ್ತರಿಸುವುದು ಬರೆದವನು ಮೊದಲೇ ಊಹಿಸಿದ ಪ್ರಶ್ನೆಗೆ. ಊಹಿಸದ ಪ್ರಶ್ನೆ ಎದುರಾದಾಗ ಬೇಕಾಗುವುದೇ ಡಿಬಗ್ಗರ್. ರ್ಯಾಕಿನ ಸಂಖ್ಯೆಯನ್ನು ಲಾಗ್ ಮಾಡಬೇಕಿತ್ತು ಎಂದು ನಷ್ಟವಾದ ಮೇಲೆ ಹೇಳುವುದು ಸುಲಭ. ನಾಳೆ ಬೇರೊಂದು ಚರಾಕ್ಷರದ ಸರದಿ. ಎಲ್ಲವನ್ನೂ ಲಾಗ್ ಮಾಡುತ್ತ ಹೋದರೆ ಗ್ರಾಹಕರ ಹೆಸರು, ವಿಳಾಸ, ಫೋನ್ ಸಂಖ್ಯೆಗಳು ಕಂಡಕಂಡ ಕಡತಗಳಲ್ಲಿ ಬಿದ್ದಿರುತ್ತವೆ. ಅದರ ಅಪಾಯ ಬೇರೆಯೇ.

ನಾಲ್ಕನೆಯದು ಸ್ವಲ್ಪ ಚತುರವಾದದ್ದು: ಇದು ಡಿಬಗ್ಗರ್ ಬರೆಯುವವರ ಕೆಲಸ, ಕಂಪೈಲರಿನದಲ್ಲ. ಆದರೆ ಸಾಗಿಸಿದವನು ವಿಳಾಸ ಹೇಳದಿದ್ದರೆ ಹುಡುಕುವವನು ಏನು ಮಾಡಬೇಕು? ಸಿ ಪ್ಲಸ್ ಪ್ಲಸ್ ಮಾನಕ ಕೊರೂಟೀನ್ ಫ್ರೇಮಿನ ಒಳರಚನೆಯನ್ನು ಪೂರ್ತಿಯಾಗಿ ಕಂಪೈಲರ್‌ಗಳ ಇಚ್ಛೆಗೆ ಬಿಟ್ಟಿದೆ. ಫ್ರೇಮಿನ ತಲೆಯಲ್ಲಿ ಮುಂದುವರಿಸುವ ಮತ್ತು ನಾಶಮಾಡುವ ತುಂಡುಗಳ ವಿಳಾಸಗಳು ಇರುತ್ತವೆ ಎಂಬಷ್ಟರ ಮಟ್ಟಿಗೆ ಪ್ರಮುಖ ಕಂಪೈಲರ್‌ಗಳು ಒಂದೇ ಪದ್ಧತಿಗೆ ಬಂದಿರುವುದೇ ನಮ್ಮ ಪುಣ್ಯ. ಕ್ಲ್ಯಾಂಗ್ ಕಂಪೈಲರ್ ಆಮೇಲೆ ಇಡೀ ಫ್ರೇಮನ್ನು ತೋರಿಸುವ ಕೃತಕ ಚರಾಕ್ಷರವೊಂದನ್ನು ಸೇರಿಸಿತು, ಕೊರೂಟೀನ್‌ಗಳನ್ನು ಡಿಬಗ್ ಮಾಡುವ ಬಗೆಗೆ ಕೈಪಿಡಿಯನ್ನೂ ಬರೆಯಿತು. ಅದಕ್ಕಾಗಿ ದುಡಿದವರಿಗೆ ನಾವು ಕೃತಜ್ಞರು. ಆದರೆ ಆ ಫ್ರೇಮಿನೊಳಗೆ ಮೂಲದ ಹೆಸರು ಕಳೆದುಕೊಂಡ ಸದಸ್ಯರಿಗೆ ‘ಮೂವತ್ತೆರಡು ಬಿಟ್‌ನ ಪೂರ್ಣಾಂಕ, ಸೊನ್ನೆ’ ಎಂಬಂತೆ ವಿಧದಿಂದ ಹುಟ್ಟಿಸಿದ ಹೆಸರುಗಳು ಬರುತ್ತವೆ. ಜನಗಣತಿಯವನು ಮನೆಗೆ ಬಂದು ‘ಗಂಡಸು, ಒಂದು’ ಎಂದು ಬರೆದುಕೊಂಡು ಹೋದ ಹಾಗೆ.

ಐದನೆಯ ಉತ್ತರಕ್ಕೆ ಮಾತ್ರ ನಿಜವಾದ ತೂಕವಿದೆ. ಕಾಟ್ಲಿನ್ ಕಂಪೈಲರಿಗೆ ಒಂದು ಡಿಬಗ್ ಆಯ್ಕೆ ಇದೆ. ಅದನ್ನು ಹಾಕಿದರೆ ಚರಾಕ್ಷರಗಳು ಬೇಗ ಕೈಬಿಟ್ಟು ಹೋಗುವುದಿಲ್ಲ. ಆದರೆ ಅದನ್ನು ಬಿಡುಗಡೆಯ ಪ್ರೋಗ್ರಾಮಿನಲ್ಲಿ ಬಳಸಲೇಬಾರದು, ಸ್ಮೃತಿ ಸೋರಿಕೆಯಾಗಬಹುದು ಎಂದು ಆ ಭಾಷೆಯ ಕೈಪಿಡಿಯೇ ಎಚ್ಚರಿಸುತ್ತದೆ. ಸರಿಯಾದ ಎಚ್ಚರಿಕೆ. ಕೊರೂಟೀನ್ ಗಂಟೆಗಟ್ಟಲೆ ನಿಂತಿದ್ದರೆ ಅದು ಹಿಡಿದುಕೊಂಡ ದೊಡ್ಡ ವಸ್ತುವನ್ನು ಯಾರೂ ತೆರವು ಮಾಡಲಾರರು. ಹಾಗಾದರೆ ಸತ್ತದ್ದು ಸಾಯಲಿ. ಹೆಸರಿನ ಜೊತೆಗೆ ‘ಕೊನೆಯ ಬಳಕೆ ಇಂಥ ಸಾಲಿನಲ್ಲಿ’ ಎಂಬ ಒಂದು ಮಾತು ಬರೆಯಲು ಏನು ಅಡ್ಡಿ? ನಮ್ಮ ಊರುಗಳಲ್ಲಿ ತುರು ಕಾಯಲು ಹೋಗಿ ಮಡಿದವನಿಗೂ ವೀರಗಲ್ಲು ನೆಟ್ಟು, ಯಾರು, ಎಲ್ಲಿ, ಯಾತಕ್ಕೆ ಎಂದು ಕೆತ್ತಿಸುವ ರೂಢಿಯಿತ್ತು. ಕಂಪೈಲರಿಗೆ ಈ ಎಲ್ಲ ವಿವರವೂ ಗೊತ್ತು. ಅದೇ ಲೆಕ್ಕ ಹಾಕಿ ಅದೇ ಕೈಬಿಟ್ಟದ್ದಲ್ಲವೆ? ಗೊತ್ತಿರುವುದನ್ನು ಹೇಳದಿರುವುದಕ್ಕೆ ಅಸಾಧ್ಯವೆಂಬ ಹೆಸರು ಒಪ್ಪುವುದಿಲ್ಲ.

ಮಾಡಿ ತೋರಿಸಿದವರೂ ಇದ್ದಾರೆ ಎಂಬುದರಿಂದ ನಮ್ಮ ಬೇಡಿಕೆ ಗಾಳಿ ಗೋಪುರವಲ್ಲವೆಂದು ತಿಳಿಯುತ್ತದೆ. ಪೈಥಾನ್ ಭಾಷೆಯಲ್ಲಿ ನಿಂತಿರುವ ಕೊರೂಟೀನಿನ ಫ್ರೇಮ್ ಸ್ವತಃ ಒಂದು ವಸ್ತು. ಅದರ ಸ್ಥಳೀಯ ಚರಾಕ್ಷರಗಳನ್ನು ಹೆಸರಿನೊಡನೆ ಕೊಡುವ ಫಂಕ್ಷನ್ ಭಾಷೆಯ ಜೊತೆಗೇ, 2015ರ ಅದೇ ಆವೃತ್ತಿಯಲ್ಲಿ ಬಂತು. ಪೈಥಾನ್ ನಿಧಾನದ ಭಾಷೆ, ಅದಕ್ಕೆ ಸುಲಭ ಎನ್ನಬಹುದು. ಸಿ ಶಾರ್ಪ್ ಹಾಗಲ್ಲ. ಅದರ ಕಂಪೈಲರ್ ಚರಾಕ್ಷರವನ್ನು ಬೇರೆಡೆ ಸಾಗಿಸುವಾಗ ಹೊಸ ಹೆಸರಿನೊಳಗೆ ಮೂಲದ ಹೆಸರನ್ನು ಮಡಚಿಡುತ್ತದೆ, ಯಾವ ಸಾಲಿನಿಂದ ಯಾವ ಸಾಲಿನವರೆಗೆ ಅದರ ವ್ಯಾಪ್ತಿ ಎಂದು ಪ್ರತ್ಯೇಕ ಕಡತದಲ್ಲಿ ಬರೆಯುತ್ತದೆ. ಡಿಬಗ್ಗರ್ ಅದನ್ನೋದಿ ನಾವು ಬರೆದ ಹೆಸರನ್ನೇ ತೋರಿಸುತ್ತದೆ. ಕಾಟ್ಲಿನ್ ಕೂಡ ಗುಪ್ತನಾಮಗಳಿಗೂ ಮೂಲದ ಹೆಸರುಗಳಿಗೂ ಇರುವ ನಂಟನ್ನು ಒಂದು ಟಿಪ್ಪಣಿಯಾಗಿ ಬರೆದಿಡುತ್ತದೆ. ಇಂಥ ಕಡೆಗಳಲ್ಲಿ ಕಂಪೈಲರ್ ಮತ್ತು ಡಿಬಗ್ಗರ್ ಬರೆಯುವವರು ಮೊದಲಿನಿಂದಲೇ ಒಂದೇ ಪಂಕ್ತಿಯಲ್ಲಿ ಕೂತಿದ್ದರು. ಹಾಗೆ ಕೂರದ ಕಡೆ ಕೊರೂಟೀನ್ ಮೊದಲು ಬಂತು, ಕಣ್ಣು ಆಮೇಲೆ ಬಂತು.

ಆದ್ದರಿಂದ ನಮ್ಮ ಬೇಡಿಕೆಗಳು ಇಷ್ಟು. ನಿಂತಿರುವ ಕೊರೂಟೀನಿನಲ್ಲಿ ಜೀವಂತವಾಗಿರುವ ಪ್ರತಿ ಚರಾಕ್ಷರವೂ ತನ್ನ ಮೂಲದ ಹೆಸರಿನಲ್ಲಿ, ಆಪ್ಟಿಮೈಸ್ ಆದ ಬಿಲ್ಡಿನಲ್ಲಿಯೂ, ಕಾಣಬೇಕು. ಕೈಬಿಟ್ಟ ಚರಾಕ್ಷರದ ಮುಂದೆ ಕೊನೆಯ ಬಳಕೆಯ ಸಾಲು ಇರಬೇಕು. ಪ್ರಸ್ತುತವಲ್ಲದ ಮೌಲ್ಯವನ್ನು ತೋರಿಸುವುದಾದರೆ ಅದು ಪ್ರಸ್ತುತವಲ್ಲ ಎಂಬ ಎಚ್ಚರಿಕೆಯೊಡನೆ ತೋರಿಸಬೇಕು. ಸುಳ್ಳಿಗಿಂತ ಮೌನ ಮೇಲು. ಯಾವ ಥ್ರೆಡ್ಡಿನ ಮೇಲೂ ಇಲ್ಲದೆ ಹೀಪಿನ ಮೂಲೆಯಲ್ಲಿ ಕಾಯುತ್ತಿರುವ ಕೊರೂಟೀನ್‌ಗಳ ಪಟ್ಟಿ, ಯಾರು ಯಾರಿಗಾಗಿ ಕಾಯುತ್ತಿದ್ದಾರೆ ಎಂಬ ಸರಪಳಿಯೊಡನೆ, ಕೇಳಿದರೆ ಸಿಗಬೇಕು. ಕೊನೆಯದಾಗಿ, ಭಾಷೆಗೆ ಇಂಥ ಸೌಕರ್ಯವನ್ನು ಸೇರಿಸುವ ಯಾವ ಸಮಿತಿಯೂ ಮೇಲಿನವು ಸಿದ್ಧವಾಗಿ, ಪರೀಕ್ಷೆಯಲ್ಲಿ ತೇರ್ಗಡೆಯಾಗುವವರೆಗೆ ಅದನ್ನು ಪೂರ್ಣವೆಂದು ಸಾರಬಾರದು.

ಇದನ್ನು ಕೇಳಬೇಕಾದವರಲ್ಲಿ ನಾವೂ ಸೇರಿದ್ದೇವೆ. ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ, ಕಡಲಾಚೆಯ ಊರುಗಳಲ್ಲಿ ಕಂಪೈಲರ್‌ಗಳ ಮೇಲೆ ದುಡಿಯುವ ಕನ್ನಡಿಗರಿದ್ದಾರೆ. ಜಿಸಿಸಿ, ಎಲ್‌ಎಲ್‌ವಿಎಂಗಳ ಬಾಗಿಲು ಯಾರಿಗೂ ಮುಚ್ಚಿಲ್ಲ. ಚರಾಕ್ಷರ ಕಾಣದಿದ್ದಾಗ ಹಣೆಬರಹವೆಂದು ಮುಂದಕ್ಕೆ ಹೋಗದೆ, ಪುಟ್ಟದೊಂದು ಉದಾಹರಣೆಯೊಡನೆ ದೋಷವರದಿ ಬರೆದು ಕಳಿಸುವ ಅಭ್ಯಾಸ ನಮ್ಮಲ್ಲಿ ಬೆಳೆಯಲಿ. ಕಾಲೇಜುಗಳಲ್ಲಿ ಕಲಿಸುವವರು ಆಪ್ಟಿಮೈಸೇಶನ್ನಿನ ಅಧ್ಯಾಯದ ಪಕ್ಕದಲ್ಲಿಯೇ ಅದು ಅಳಿಸಿಹಾಕುವ ಕುರುಹುಗಳ ಅಧ್ಯಾಯವನ್ನೂ ಕಲಿಸಲಿ. ಸಾಫ್ಟ್‌ವೇರ್ ಕೊಳ್ಳುವ ಅಧಿಕಾರವುಳ್ಳವರು ವೇಗದ ಅಂಕಿಗಳನ್ನು ಕೇಳುವಾಗ, ಕೆಟ್ಟು ನಿಂತಾಗ ಒಳಗೇನಿದೆ ಎಂದು ಹೇಗೆ ತಿಳಿಯುತ್ತದೆ ಎಂದೂ ಕೇಳಲಿ. ಈ ಪ್ರಶ್ನೆಗೆ ಉತ್ತರವಿಲ್ಲದ ಸರಕನ್ನು ವಾಪಸು ಕಳಿಸುವ ಗಟ್ಟಿತನ ನಮಗೆ ಬಂದ ದಿನ, ಗೋದಾಮಿನಲ್ಲಿ ನಿಂತು ದುಡಿಯುವವನ ಮೇಲೆ ಸುಮ್ಮನೆ ಬೀಳುವ ಅನುಮಾನಗಳಲ್ಲಿ ಕೆಲವಾದರೂ ಕಡಿಮೆಯಾದಾವು.